ಹಿಟ್ಟಿನ ಕೋಳಿಯೂ ಬಾಸೂರಿನ ಕಾವಲೂ

ತರೀಕೆರೆ ತಾಲ್ಲೂಕಿನ ಅಮೃತಾಪುರದ ಶಿವಾಲಯಕ್ಕೆ 1197ರಲ್ಲಿ ಶಾಸನ ರಚಿಸಿಕೊಟ್ಟವನು ಜೈನಕವಿ ಜನ್ನ. ಅವನದೇ 'ಯಶೋಧರ ಚರಿತೆ' 1209ರದು. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಯಶೋಧರನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿದ ಆ ಕಥೆಯಿಂದಾಗಿ ಸಂಕಲ್ಪಹಿಂಸೆಯ ಚರ್ಚೆ ಸಾಹಿತ್ಯ ವಿದ್ಯಾರ್ಥಿಗಳಿಗೆ ಪರಿಚಿತ. ಆದರೆ ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಮುಂದಿಡುವುದು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು. ಜನ್ನನ ಶಾಸನವಿರುವ ಸೀಮೆಯ ನೆರೆಯಲ್ಲೇ ಈ ಮಾತಿಗೆ ಇಂದು ಉದಾಹರಣೆ ದೊರೆಯುತ್ತದೆ.

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ವಿಸ್ತಾರ ಸುಮಾರು 736 ಹೆಕ್ಟೇರ್. ಕೃಷ್ಣಮೃಗವೂ ತೋಳವೂ ಇಲ್ಲಿಯ ನಿವಾಸಿಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಆ ರಾಸುಗಳಿಗೆಂದು ಕಾಯ್ದಿರಿಸಿದ ನೆಲವೇ ಕಾವಲು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಇದೆ. ಸೈನ್ಯದ ಬಂಡಿಗಳನ್ನೂ ಫಿರಂಗಿಗಳನ್ನೂ ಎಳೆಯಲೆಂದು ಸಾಕಿದ ಎತ್ತುಗಳ ಮೇವು ಕೃಷ್ಣಮೃಗದ ಆಸರೆಯಾದುದು ಇತಿಹಾಸದ ವಿಚಿತ್ರ!

ಹುಲ್ಲುಗಾವಲೆಂಬ ಶಬ್ದದಲ್ಲಿಯೇ ರಕ್ಷಣೆಯ ಅರ್ಥವಿದೆ. ಆಡಳಿತದ ಭಾಷೆ ಮಾತ್ರ ಇಂತಹ ನೆಲವನ್ನು ಬಹುಕಾಲ ಬಂಜರು, ಪಾಳು ಎಂದೇ ಕರೆಯಿತು. ಬಂಜರೆಂದ ಮೇಲೆ ಅದನ್ನು ಹಸಿರಾಗಿಸುವ ಉತ್ಸಾಹ ಹುಟ್ಟದೆ ಇರದು. ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟವರಲ್ಲಿ ಕೊಲ್ಲುವ ಸಂಕಲ್ಪ ಲೇಶವೂ ಇಲ್ಲ. ಪುಣ್ಯಕಾರ್ಯವೆಂಬ ಭಾವವೇ ಇದೆ. ಆದರೂ ನೆರಳು ಕವಿದಲ್ಲಿ ಬಿಸಿಲನ್ನು ಬೇಡುವ ಹುಲ್ಲು ಸೊರಗುತ್ತದೆ. ದೂರದಿಂದಲೇ ವೈರಿಯನ್ನು ಕಂಡು ಓಟದಿಂದ ಪಾರಾಗುವ ಕೃಷ್ಣಮೃಗಕ್ಕೆ ದಟ್ಟ ಮರಗಳ ಸಾಲು ಕಣ್ಣು ಕಟ್ಟಿದಂತೆ. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳ ಗೂಡಿಗೆ ಕೊಂಬೆಯ ಮೇಲೆ ಕುಳಿತ ಕಾಗೆಯ ದೃಷ್ಟಿ ಬೀಳುತ್ತದೆ. ಒಂದು ಆವಾಸ ಅಳಿಯುವುದಕ್ಕೆ ಕೊಡಲಿಯೇ ಬೇಕೆಂದಿಲ್ಲ.

ಇದನ್ನು ಪ್ರಮಾದವೆನ್ನದೆ ಬೇರೇನೆನ್ನಬೇಕು? ಗಿಡ ನೆಡುವುದೆಲ್ಲ ಅಹಿಂಸೆಯೆಂದು ನಂಬಿರುವ ಶ್ರಾವಕ ಸಮಾಜಕ್ಕೂ ಈ ಪ್ರಶ್ನೆ ತಟ್ಟಬೇಕು. ಮೇಯುವ ರಾಸುಗಳನ್ನು ಸಂಪೂರ್ಣ ಹೊರಗಟ್ಟುವುದೂ ಉತ್ತರವಲ್ಲ. ಮಿತವಾದ ಮೇಯುವಿಕೆಯೊಡನೆಯೇ ಈ ಕಾವಲುಗಳು ಶತಮಾನಗಳನ್ನು ಕಳೆದಿವೆ. ಬಾಸೂರಿಗೆ ದೊರೆತ ಮನ್ನಣೆ ಈ ಸೀಮೆಯಲ್ಲಿ ಉಳಿದಿರುವ ಇತರ ಕಾವಲುಗಳಿಗೂ ದೊರೆಯಬೇಕು. ಅದಕ್ಕೆ ಮೊದಲು ಕಡತಗಳಿಂದ ಬಂಜರೆಂಬ ಆ ಒಂದು ಶಬ್ದ ಅಳಿಸಿಹೋಗಲಿ.