ಇಟ್ಟ ಹೆಸರಿಗೆ ದೊಡ್ಡಕ್ಷರ



ಹೋದ ವಾರ ನನ್ನ ಐದನೇ ಇಯತ್ತೆಯ ಮಗಳ ಇಂಗ್ಲಿಷ್ ನೋಟ್‌ಬುಕ್ಕಿನ ತುಂಬ ಕೆಂಪು ಗೆರೆ! 'ನಮ್ಮ ನದಿ ವರದಾ' ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ನದಿಗೆ ದೊಡ್ಡಕ್ಷರ, ವರದೆಗೆ ಸಣ್ಣಕ್ಷರ ಹಾಕಿದ್ದಳು. "ನದಿ ದೊಡ್ಡದಲ್ಲೇನವ್ವಾ?" ಅಂದಳು. ಕನ್ನಡದಲ್ಲಿ ಹೈಸ್ಕೂಲು ಮುಗಿಸಿದ ನಾನು ಎಂದಿನಂತೆ, "ನನಗೇನ ತಿಳೀತದ, ನಿಮ್ಮಪ್ಪನ್ನ ಕೇಳು" ಅಂದೆ. "ಹಂಗಾದ್ರ ಇನ್ನ ನಿನ್ನ ಕೇಳೂದಿಲ್ಲ ಬಿಡು" ಅಂತ ಎದ್ದು ಹೋದಳು. ರೊಟ್ಟಿ ಬಡಿಯುವಾಗಲೂ ಆ ಮಾತು ಚುಚ್ಚುತ್ತಲೇ ಇತ್ತು.

ಆಮೇಲೆ ಹೊಳೆಯಿತು, ಇದು ನಾವು ಶಾಲೆಯಲ್ಲಿ ಕಲಿತದ್ದೇ! ರೂಢನಾಮ, ಅಂಕಿತನಾಮ. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದ ಕಾಲದಿಂದ ಬಂದ ಪಾಠ. ರೂಢನಾಮವೇ ಕಾಮನ್ ನೌನ್, ಅಂಕಿತನಾಮವೇ ಪ್ರಾಪರ್ ನೌನ್. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಅದಕ್ಕೇ ಮಕ್ಕಳಿಗೆ ಗೊಂದಲ.

ಮಗಳನ್ನು ಅಡುಗೆಮನೆಗೆ ಕರೆದೆ. ಮೆಣಸಿನಕಾಯಿ ಎಂಬುದು ಎಲ್ಲ ಮೆಣಸಿನಕಾಯಿಗೂ ಸಲ್ಲುವ ಮಾತು, ಸಣ್ಣಕ್ಷರ. ಬ್ಯಾಡಗಿ ಒಂದು ಊರಿನ ಹೆಸರು, ದೊಡ್ಡಕ್ಷರ. ಸವಣೂರು ಖಾರ ಎಂದರೂ ಸವಣೂರಿಗೆ ದೊಡ್ಡದು, ಖಾರಕ್ಕೆ ಸಣ್ಣದು. ಕನಕದಾಸರು ಕವಿ, ಹುಟ್ಟಿದ ಹಳ್ಳಿ ಶಿಗ್ಗಾವಿ ತಾಲ್ಲೂಕಿನ ಬಾಡ. ಇಲ್ಲಿ ಕವಿ, ಹಳ್ಳಿ ಸಣ್ಣಕ್ಷರ. ಕನಕದಾಸ, ಬಾಡ ದೊಡ್ಡಕ್ಷರ. ಹಿರೇಕೆರೂರಿನಲ್ಲಿ ಕೆರೆಯೂ ಇದೆ, ಊರೂ ಇದೆ. ಆದರೆ ಕೂಡಿ ಒಂದೇ ಹೆಸರಾದ್ದರಿಂದ ಮೊದಲ ಅಕ್ಷರವಷ್ಟೇ ದೊಡ್ಡದು.

"ಹಾನಗಲ್ಲ ಒಂದೇ ಅದ, ಖರೆ. ನಮ್ಮ ಕ್ಲಾಸಿನಾಗ ಗೀತಾ ಇಬ್ಬರದಾರಲ್ಲ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ! ಎಷ್ಟಿವೆ ಅಂತ ಎಣಿಸಬಾರದು. ತೊಟ್ಟಿಲಿಗೆ ಹಾಕಿ ಇಟ್ಟ ಹೆಸರೋ, ಆ ಬಗೆಯದಕ್ಕೆಲ್ಲ ಅನ್ನುವ ಮಾತೋ ಅಂತ ಕೇಳಬೇಕು. ಗೀತಾ ಇಟ್ಟ ಹೆಸರು. ಹುಡುಗಿ ಎಲ್ಲರಿಗೂ ಅನ್ನುವ ಮಾತು.

ಇನ್ನು ಕೆಲವನ್ನು ನೆನಪಿಡಿ. ವಾಕ್ಯದ ಮೊದಲ ಅಕ್ಷರ ಯಾವಾಗಲೂ ದೊಡ್ಡದೇ. ವಾರ, ತಿಂಗಳು, ಭಾಷೆಗಳ ಹೆಸರಿಗೂ ದೊಡ್ಡಕ್ಷರ ಬೇಕು. 'ವರದಾ ರಿವರ್' ಎಂದು ಕೂಡಿಸಿ ಹೆಸರಾಗಿ ಬರೆದರೆ ಎರಡಕ್ಕೂ ದೊಡ್ಡಕ್ಷರ.

ಇನ್ನೊಂದು ಸ್ವಾರಸ್ಯ ಕೇಳಿ. ಇಂಗ್ಲಿಷಿನಲ್ಲಿ 'ನನ್ನ ತಾಯಿ' ಎಂದು ಬರೆದರೆ ತಾಯಿಗೆ ಸಣ್ಣಕ್ಷರ. "ಅವ್ವಾ, ಬಾ" ಎಂದು ಹೆಸರಿನ ಬದಲು ಕರೆದರೆ ಅದೇ ತಾಯಿಗೆ ದೊಡ್ಡಕ್ಷರ!

ಮರುದಿನ ಸಂಜೆ ಪಾಟೀಚೀಲ ಇಳಿಸುತ್ತಲೇ, "ಅವ್ವಾ, ಇದನ್ನ ಹೇಳಿಕೊಡ ಬಾ" ಅಂದಳು. ಒಲೆ ಆರಿಸಿ ಹೋದೆ. ನೀವೂ "ನನಗೆ ತಿಳಿಯೋದಿಲ್ಲ" ಅನ್ನುವ ಮುಂಚೆ ಒಮ್ಮೆ ಪಕ್ಕದಲ್ಲಿ ಕೂತು ನೋಡಿ.