‘ಉಷ್ಣ’ ಎಂಬ ಒಂದೇ ಉತ್ತರ

ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠವನ್ನು ನಾನು ಹೇಗೆ ಮುಗಿಸುತ್ತಿದ್ದೆನೆಂಬುದು ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ದಾಸವಾಳದ ಚಿತ್ರವನ್ನು ಕರಿಹಲಗೆಯ ತುಂಬ ಬಿಡಿಸಿ, ಕೇಸರ ಶಲಾಕೆಗಳನ್ನು ಎರಡು ದಿನ ವಿವರಿಸುತ್ತಿದ್ದೆ. ಮಾನವ ಶರೀರದ ಭಾಗ ಬಂದೊಡನೆ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದು ನಗುತ್ತಿದ್ದರು, ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಅವರಲ್ಲಿ ಒಬ್ಬಳು ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಟೀಚರ್, ನನಗೆ ಬಿಳಿ ಹೋಗುತ್ತದೆ, ಒಳಗೆಲ್ಲ ತುರಿಕೆ’ ಎಂದಿದ್ದಳು. ‘ಉಷ್ಣ ಕಣೇ, ಮೆಂತ್ಯ ನೆನೆಸಿ ಕುಡಿ’ ಎಂದು ಕಳಿಸಿಬಿಟ್ಟೆ. ನನ್ನ ಅಮ್ಮ ನನಗೆ ಹೇಳಿದ್ದೂ ಅದೇ ಆಗಿತ್ತು.

ಆ ಉತ್ತರದ ಫಲವನ್ನು ನಿವೃತ್ತಿಯ ಬಳಿಕ ನಾನೇ ಉಂಡೆ. ಅರವತ್ತೊಂದರ ವಯಸ್ಸಿನಲ್ಲಿ ಆರಂಭವಾದ ತುರಿಕೆಯನ್ನು ಆರು ತಿಂಗಳು ಮನೆಯವರಿಗೂ ಹೇಳದೆ ಸಹಿಸಿದೆ. ಎಳನೀರು, ಕಾಮಕಸ್ತೂರಿ ಬೀಜ ಎಲ್ಲವೂ ಆಯಿತು. ಮೆಡಿಕಲ್ ಶಾಪಿನ ಹುಡುಗನಿಗೆ ‘ಚರ್ಮಕ್ಕೆ ಹಚ್ಚುವುದು ಏನಾದರೂ ಕೊಡಪ್ಪ’ ಎಂದು ಸುಳ್ಳು ಹೇಳಿ ಮುಲಾಮು ತಂದೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂಬುದು ಆಮೇಲೆ ತಿಳಿಯಿತು. ಎರಡು ದಿನ ಹಾಯೆನಿಸಿ ಮೂರನೆಯ ದಿನ ಇಮ್ಮಡಿಯಾಗುತ್ತಿತ್ತು. ಕೊನೆಗೆ ಸ್ತ್ರೀರೋಗ ತಜ್ಞೆಯ ಬಳಿ ಹೋದಾಗಲೂ ನನ್ನ ಬಾಯಿಂದ ಹೊರಟದ್ದು ‘ಸ್ವಲ್ಪ ಉಷ್ಣವಾಗಿದೆ’ ಎಂಬ ಮಾತೇ. ಆಕೆ ನಕ್ಕು, ‘ಎಲ್ಲಿ ಉಷ್ಣ ಅಮ್ಮಾ?’ ಎಂದರು. ಪರೀಕ್ಷಿಸಿ, ರಕ್ತ ತೆಗೆಸಿದರು. ಸಕ್ಕರೆ 286 ಇತ್ತು. ನನಗೆ ಮಧುಮೇಹವಿದೆಯೆಂದು ತಿಳಿದದ್ದು ಹೀಗೆ. ದೇಹದಲ್ಲಿ ಸಕ್ಕರೆ ಹೆಚ್ಚಿದರೆ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಸುಗ್ಗಿಯಂತೆ. ಮಧುಮೇಹಕ್ಕೆಂದು ಡಾಪಾಗ್ಲಿಫ್ಲೋಜಿನ್‌ನಂಥ, ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಮಾತ್ರೆ ನುಂಗುವವರಲ್ಲಿಯೂ ಇದೇ ತೊಂದರೆ ಕಾಣಿಸಬಹುದು. ಅಂಥವರು ತಾವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಅಂದು ಬಿಟ್ಟ ಪಾಠವನ್ನು ಈಗ ಹೇಳುತ್ತೇನೆ. ಬಿಳಿ ಹೋಗುವುದೆಲ್ಲ ರೋಗವಲ್ಲ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳಿವೆ, ಮೊಸರಿನಲ್ಲಿರುವವುಗಳ ನೆಂಟರೆನ್ನಿ. ಅವು ಉಂಟುಮಾಡುವ ಆಮ್ಲವೇ ಅಲ್ಲಿನ ಕಾವಲು. ತಿಳಿಯಾದ ಅಥವಾ ಬಿಳಿಯ, ದುರ್ವಾಸನೆಯಿಲ್ಲದ ಸ್ರಾವ ಸಹಜವಾದುದು. ಎರಡು ಮುಟ್ಟುಗಳ ನಡುವೆ ಅದು ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಬರುತ್ತದೆ, ಗರ್ಭಿಣಿಯರಲ್ಲಿ ಹೆಚ್ಚುತ್ತದೆ. ಇದರಿಂದ ಶಕ್ತಿ ಸೋರಿಹೋಗುತ್ತದೆ, ಬೆನ್ನುಮೂಳೆ ಕರಗುತ್ತದೆ ಎಂದು ನಮ್ಮ ಹೆಂಗಸರು ಕೊರಗುವುದಕ್ಕೆ ಆಧಾರವಿಲ್ಲ.

ಬಣ್ಣ, ವಾಸನೆ, ಪ್ರಮಾಣ ಬದಲಾದರೆ ಗಮನಿಸಬೇಕು. ಒಡೆದ ಹಾಲಿನಂತೆ ಗಟ್ಟಿಯಾಗಿ ಹೋಗುತ್ತ ತೀವ್ರ ತುರಿಕೆ, ಮೂತ್ರ ಮಾಡುವಾಗ ಉರಿ ಇದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಆಂಟಿಬಯಾಟಿಕ್ ನುಂಗಿದ ಮೇಲೂ ಬರುವುದುಂಟು. ಬೂದು ಬಣ್ಣದ ತೆಳು ಸ್ರಾವ, ಮೀನಿನ ವಾಸನೆ ಇದ್ದರೆ ಕಾವಲಿನ ಬ್ಯಾಕ್ಟೀರಿಯಾ ಕುಗ್ಗಿ ಬೇರೆಯವು ಮೇಲುಗೈ ಪಡೆದಿವೆಯೆಂದು ಅರ್ಥ. ಈ ವಾಸನೆಗೆ ಕೊಳಕುತನ ಕಾರಣವಲ್ಲ. ಒಳಗೆಲ್ಲ ಸೋಪು ಹಾಕಿ, ಡೆಟಾಲು ಹಾಕಿ ತೊಳೆದರೆ ಇರುವ ಕಾವಲೂ ಹೋಗಿ ಹೆಚ್ಚಾಗುತ್ತದೆ. ಮಡಿಯ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ಒಪ್ಪುವುದೇ ಕಷ್ಟ. ಹೊರಗೆ ನೀರು ಸಾಕು, ಒಳಗೆ ಏನೂ ಬೇಡ. ಹಳದಿ ಹಸಿರು ಬಣ್ಣದ ನೊರೆಯಂಥ ಸ್ರಾವ ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದ ಬರಬಹುದು. ಲೈಂಗಿಕ ಸಂಪರ್ಕದಿಂದ ಹರಡುವ ಇದಕ್ಕೆ ಗಂಡನಿಗೂ ಚಿಕಿತ್ಸೆಯಾಗಬೇಕು. ಗಂಡಸರಲ್ಲಿ ಅನೇಕ ವೇಳೆ ಲಕ್ಷಣಗಳೇ ಇರುವುದಿಲ್ಲವಾದ್ದರಿಂದ ‘ನನಗೇನಾಗಿದೆ?’ ಎಂದು ಆತ ಎದ್ದುಹೋಗುತ್ತಾನೆ, ಹೆಂಡತಿ ಮತ್ತೆ ಮತ್ತೆ ಸೋಂಕಿಗೆ ಒಳಗಾಗುತ್ತಾಳೆ.

ಇದನ್ನೆಲ್ಲ ಓದಿ ನೀವೇ ರೋಗನಿರ್ಣಯ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಲಕ್ಷಣಗಳು ಒಂದರೊಳಗೊಂದು ಬೆರೆಯುತ್ತವೆ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದಕ್ಕೆ ಕೆಲಸ ಮಾಡದು. ಅದರಲ್ಲೂ ಗರ್ಭಿಣಿಯರು ಅಂಗಡಿಯಿಂದ ಮಾತ್ರೆ ತಂದು ನುಂಗಲೇಬಾರದು. ಮೊದಲ ಸಲ ಕಾಣಿಸಿಕೊಂಡಾಗ, ಔಷಧಿಗೆ ಬಗ್ಗದಿದ್ದಾಗ, ಪದೇ ಪದೇ ಮರುಕಳಿಸಿದಾಗ ವೈದ್ಯರನ್ನು ಕಾಣಬೇಕು. ಜ್ವರ, ಕಿಬ್ಬೊಟ್ಟೆಯ ನೋವು, ಹುಣ್ಣು ಇದ್ದರೆ ಅಂದೇ ಹೋಗಬೇಕು. ಸಂಪರ್ಕದ ಬಳಿಕ ರಕ್ತ ಕಂಡರೆ ತಡಮಾಡಬಾರದು.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಕೂಡಲೇ ಹೋಗಬೇಕು. ನಮ್ಮ ಅತ್ತಿಗೆಯೊಬ್ಬರು ಎರಡು ವರ್ಷ ಅದನ್ನು ಹಳೆಯ ಸೀರೆಯ ಚೂರುಗಳಲ್ಲಿ ಮುಚ್ಚಿಟ್ಟರು. ಬಂಧುಗಳಿಗೆ ಅವರಾರೆಂದು ಗೊತ್ತು. ದುರ್ವಾಸನೆ ಬರುತ್ತದೆಂದು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನೇ ಬಿಟ್ಟಿದ್ದರಂತೆ. ಗರ್ಭಕಂಠದ ಕ್ಯಾನ್ಸರೆಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. ಅವರ ತಿಥಿಯ ದಿನ ಅಡುಗೆಮನೆಯಲ್ಲಿ ಕುಳಿತ ಹೆಂಗಸರಲ್ಲಿ ಮೂವರು ಮೆಲ್ಲಗೆ ‘ನನಗೂ ಆಗಾಗ...’ ಎಂದರು. ಮೂವರಲ್ಲಿ ಯಾರೊಬ್ಬರೂ ವೈದ್ಯರಿಗೆ ತೋರಿಸಿರಲಿಲ್ಲ.

ಮದುವೆಯಾಗದ ಹುಡುಗಿ ಹೆರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಜನ ಏನೆಂದಾರು ಎಂದು ತಾಯಂದಿರು ಕೇಳುತ್ತೀರಿ. ಏನಾದರೂ ಅನ್ನಲಿ. ಕ್ಯಾಂಡಿಡಾ ಸೋಂಕು ಕುಮಾರಿಯರಿಗೂ ಬರುತ್ತದೆ, ಅದು ಯಾರ ನಡತೆಗೂ ಸಾಕ್ಷಿಯಲ್ಲ. ಒಳಪರೀಕ್ಷೆ ಬೇಡವೆನ್ನುವ ಹಕ್ಕು ಅವಳಿಗಿದೆ; ಅನೇಕ ವೇಳೆ ವಿಚಾರಿಸಿ, ಹೊರಗಿನಿಂದ ನೋಡಿಯೇ ಔಷಧಿ ಕೊಡುತ್ತಾರೆ. ಹಣದ ಅಡಚಣೆಯಿರುವವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇದೆ, ಅಲ್ಲಿ ಔಷಧಿ ಉಚಿತ. ಎಷ್ಟು ದಿನದಿಂದ, ಯಾವ ಬಣ್ಣ, ವಾಸನೆ ಇದೆಯೇ, ಕೊನೆಯ ಮುಟ್ಟು ಎಂದು, ಇದುವರೆಗೆ ಏನೇನು ಹಚ್ಚಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಿ ಬಿಡಲು ನಾಚಿಕೆಯಾದರೆ ಆ ಚೀಟಿಯನ್ನೇ ಕೊಟ್ಟುಬಿಡಿ.

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದವಳೇ, ನೀನು ಎಲ್ಲಿರುವೆಯೋ ತಿಳಿಯದು. ಇದನ್ನು ಓದಿದರೆ ನನಗೊಂದು ಕಾಗದ ಬರೆ. ಅಂದು ಮೆಂತ್ಯದಿಂದ ಗುಣವಾಯಿತೇ ಎಂದು ನಾನು ಮರುದಿನವೂ ಕೇಳಲಿಲ್ಲ.