ಕಾಡಿಗೂ ಇರಲಿ ಗರ್ಭಗುಡಿಯ ಮರ್ಯಾದೆ

ದಸರೆಯಿರಲಿ, ವರ್ಷಾಂತ್ಯವಿರಲಿ, ಮಕ್ಕಳ ಬೇಸಿಗೆ ರಜೆಯಿರಲಿ, ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಡುವ ವಾಹನಗಳ ಸಾಲಿಗೆ ಕೊನೆಯೆಂಬುದಿಲ್ಲ. ಎರಡು ಮೂರು ದಿನಗಳಲ್ಲಿ ನೋಡಿ ಮುಗಿಸಬೇಕಾದ ಸ್ಥಳಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಶ್ರೀರಂಗಪಟ್ಟಣದ ರಂಗನಾಥ, ರಂಗನತಿಟ್ಟಿನ ಹಕ್ಕಿಗಳು, ಸೋಮನಾಥಪುರದ ಕೇಶವ ದೇವಾಲಯ, ನಂಜನಗೂಡಿನ ಶ್ರೀಕಂಠೇಶ್ವರ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಕೊನೆಗೆ ಬಂಡೀಪುರದಲ್ಲೋ ಕಬಿನಿ ತೀರದಲ್ಲೋ ಒಂದು ಸಫಾರಿ. ಕಾವೇರಿ ಮತ್ತು ಅದರ ಉಪನದಿಗಳ ಈ ಸೀಮೆಯಲ್ಲಿ ಗುಡಿಗೂ ಕಾಡಿಗೂ ನಡುವೆ ಇರುವುದು ಒಂದೆರಡು ಗಂಟೆಗಳ ಹಾದಿ ಮಾತ್ರ. ಆದರೆ ಅದೇ ಪ್ರವಾಸಿಗ ಗುಡಿಯಲ್ಲಿ ನಡೆದುಕೊಳ್ಳುವ ರೀತಿಗೂ ಕಾಡಿನಲ್ಲಿ ನಡೆದುಕೊಳ್ಳುವ ರೀತಿಗೂ ಅಜಗಜಾಂತರವಿದೆ. ಈ ಅಂತರದ ಬಗ್ಗೆ ಗಂಭೀರವಾಗಿ ಯೋಚಿಸಬೇಕಾದ ಕಾಲ ಬಂದಿದೆ.

ಈ ನಾಡಿನ ಹಿರಿಯರ ಮನಸ್ಸಿನಲ್ಲಿ ದೇವರೂ ಕಾಡೂ ಬೇರೆ ಬೇರೆ ಖಾತೆಗಳಾಗಿರಲಿಲ್ಲ. ಇಂದಿನ ಬಂಡೀಪುರಕ್ಕೆ ಮೂಲವಾದ ವನ್ಯಜೀವಿಧಾಮವನ್ನು ಘೋಷಿಸಿದವರು ಮೈಸೂರು ಅರಸರು, ಅವರ ಕಾಲದಲ್ಲೇ ಅದಕ್ಕೆ ದೊರೆತ ಹೆಸರು ವೇಣುಗೋಪಾಲ ವನ್ಯಜೀವಿಧಾಮ. ಬೆಟ್ಟದ ನೆತ್ತಿಯ ಮೇಲಿನ ಗೋಪಾಲಸ್ವಾಮಿಯ ಹೆಸರೇ ಕಾಡಿಗೂ ಬಂತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥ ದೂರದ ದೇವರಲ್ಲ, ತಮ್ಮ ಕುಲದ ಕುಸುಮಾಲೆಯ ಕೈಹಿಡಿದ ಭಾವ. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಮರ ಅವರಿಗೆ ದೇವಾಲಯವೇ ಆಗಿದೆ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ವಾಹನ ಹುಲಿ. ಹುಲಿಯಿಲ್ಲದ ಮಾದಪ್ಪನನ್ನು ಕಲ್ಪಿಸಿಕೊಳ್ಳುವುದು ಕಂಸಾಳೆಯವರಿಂದಲೂ ಸಾಧ್ಯವಿಲ್ಲ.

ಗುಡಿಗೆ ಹೋದವರು ಮಾಡುವುದು ದರ್ಶನ. ದರ್ಶನವೆಂಬುದು ನಮ್ಮ ಇಷ್ಟದಂತೆ ನಡೆಯುವ ಕ್ರಿಯೆಯಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಸಾಲಿನಲ್ಲಿ ನಿಲ್ಲಬೇಕು, ನೈವೇದ್ಯದ ಹೊತ್ತಿಗೆ ಬಾಗಿಲು ಹಾಕಿದರೆ ಕಾಯಬೇಕು, ಗರ್ಭಗುಡಿಯ ಹೊಸ್ತಿಲು ದಾಟುವಂತಿಲ್ಲ. ನೂರಾರು ಕಿಲೋಮೀಟರ್ ದೂರದಿಂದ ಬಂದವರೂ ಅದನ್ನು ಅನ್ಯಾಯವೆಂದು ದೂರುವುದಿಲ್ಲ. ಕಾಡಿಗೆ ಬಂದಾಗ ಅದೇ ಜನ ಗ್ರಾಹಕರಾಗಿಬಿಡುತ್ತಾರೆ. ಹಣ ಕೊಟ್ಟ ಮೇಲೆ ಹುಲಿ ಕಾಣಿಸಲೇಬೇಕು. ಕಾಣದಿದ್ದರೆ ಚಾಲಕನ ಮೇಲೆ ಸಿಟ್ಟು, ಕಂಡರೆ ಇನ್ನಷ್ಟು ಹತ್ತಿರ ಹೋಗುವಂತೆ ಒತ್ತಾಯ. ಒಂದು ಹುಲಿಯ ಸುತ್ತ ನಾಲ್ಕಾರು ಜೀಪುಗಳು ನೆರೆಯುವುದು ಇಂಥ ಒತ್ತಾಯದಿಂದಲೇ.

ಇದರ ಅತಿರೇಕ ಹೆದ್ದಾರಿಯಲ್ಲಿ ಕಾಣುತ್ತದೆ. 2025ರ ಆಗಸ್ಟ್‌ನಲ್ಲಿ ಬಂಡೀಪುರ ಅರಣ್ಯದ ರಸ್ತೆಯಲ್ಲಿ ಆನೆಯ ಚಿತ್ರ ತೆಗೆಯಲು ವಾಹನದಿಂದಿಳಿದು ಹತ್ತಿರ ಹೋದ ವ್ಯಕ್ತಿಯೊಬ್ಬರು ಅದರ ಕಾಲ್ತುಳಿತಕ್ಕೆ ಸಿಕ್ಕಿ ಅದೃಷ್ಟವಶಾತ್ ಬದುಕುಳಿದರು. ಅರಣ್ಯ ಇಲಾಖೆ ಅವರಿಗೆ 25 ಸಾವಿರ ರೂಪಾಯಿ ದಂಡ ವಿಧಿಸಿತು. ಆ ದೃಶ್ಯ ದೇಶದಾದ್ಯಂತ ಮೊಬೈಲುಗಳಲ್ಲಿ ಹರಿದಾಡಿತು. ಆದರೂ ಅದೇ ದಾರಿಯಲ್ಲಿ ಜಿಂಕೆಗೆ ಬಿಸ್ಕತ್ತು, ಕೋತಿಗೆ ಚಿಪ್ಸ್ ಎಸೆಯುವ ಕೈಗಳು ಇನ್ನೂ ನಿಂತಿಲ್ಲ. ಹೀಗೆ ತಿನಿಸಿಗಾಗಿ ರಸ್ತೆಯಂಚಿಗೆ ಬರುವ ರೂಢಿ ಬೆಳೆಸಿಕೊಂಡ ಪ್ರಾಣಿ ಒಂದಲ್ಲ ಒಂದು ದಿನ ಚಕ್ರದಡಿ ಸಾಯುತ್ತದೆ.

ಮಿತಿ ಹಾಕಿದಲ್ಲೆಲ್ಲ ಈ ಸೀಮೆ ಉಳಿದಿದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷ್ಯಗಳಿವೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸದಿದ್ದರೆ ಕಾವೇರಿಯ ಆ ಪುಟ್ಟ ನಡುಗಡ್ಡೆಗಳು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರುವ ಮಾತೇ ಇರಲಿಲ್ಲ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿ ದೋಣಿ ವಿಹಾರ ನಿಲ್ಲುತ್ತದೆ. ಅದನ್ನು ಯಾರೂ ಅಪರಾಧವೆಂದು ಬಗೆಯುವುದಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ತಡೆದು ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲೇ ಹೋಗುವ ವ್ಯವಸ್ಥೆ ಮಾಡಿದಾಗ ಭಕ್ತಿಗೇನೂ ಕುಂದು ಬರಲಿಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ. ಮರುವರ್ಷ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದನ್ನು ಸಡಿಲಿಸಬೇಕೆಂಬ ಒತ್ತಡ ಆಗಾಗ ತಲೆ ಎತ್ತುತ್ತದೆ. ಗುಡಿಗೆ ಶಯನೋತ್ಸವದ ನಂತರ ಬಾಗಿಲು ಹಾಕುವುದು ಸಹಜವೆನಿಸುವ ನಮಗೆ ಕಾಡಿಗೂ ಒಂಬತ್ತು ಗಂಟೆಗಳ ವಿಶ್ರಾಂತಿ ಬೇಕೆಂಬುದು ಏಕೆ ಅರ್ಥವಾಗುವುದಿಲ್ಲ?

ಈ ಪ್ರಶ್ನೆ ಪ್ರಾಣಿಗಳ ಹಿತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಪ್ರವಾಸಿಗರು ಸವಿಯುವ ನೋಟದ ಬೆಲೆಯನ್ನು ತೆರುತ್ತಿರುವವರು ಬೇರೆಯೇ ಜನ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮೇಲೇಳುವ ಹಸಿ ಹುಲ್ಲಿಗೆ ನೂರಾರು ಆನೆಗಳು ಬಂದು ನೆರೆಯುವುದು ಏಷ್ಯಾದಲ್ಲೇ ಅಪೂರ್ವ ದೃಶ್ಯ. ಆ ನೀರಿನಡಿ ಹಳ್ಳಿಗಳಿವೆ. ಪಕ್ಕದ ನಾಗರಹೊಳೆಯಿಂದ ಹೊರಬಂದ ಜೇನುಕುರುಬರ ಬದುಕು ಇಂದಿಗೂ ಪೂರ್ತಿ ನೆಲೆ ಕಂಡಿಲ್ಲ. ಸಂರಕ್ಷಣೆ ಫಲ ಕೊಟ್ಟಿದೆ, ನಿಜ. 2022ರ ಗಣತಿಯ ಪ್ರಕಾರ ರಾಜ್ಯದ 563 ಹುಲಿಗಳಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಇದ್ದವು. ಆದರೆ ಹುಲಿ ಹೆಚ್ಚಿದಾಗ ಹಿಗ್ಗುವವರು ಒಬ್ಬರು, ಅದರ ಹೆಜ್ಜೆ ಗುರುತನ್ನು ತಮ್ಮ ಹತ್ತಿ ಹೊಲದಲ್ಲಿ ಕಂಡು ನಡುಗುವವರು ಇನ್ನೊಬ್ಬರು.

2025ನೇ ವರ್ಷ ಈ ಕಹಿ ಸತ್ಯವನ್ನು ಎರಡು ಬಾರಿ ನಮ್ಮ ಮುಂದಿಟ್ಟಿತು. ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳೊಡನೆ ಸತ್ತು ಬಿದ್ದಿತ್ತು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ಯಾರೋ ವಿಷ ಬೆರೆಸಿದ್ದರು. ಹುಲಿಯೇರಿದ ದೇವರ ಸೀಮೆಯಲ್ಲಿ ಇಂಥ ಕೃತ್ಯ ನಡೆಯಿತೆಂದು ನಗರದಲ್ಲಿ ಕುಳಿತು ಮರುಗುವುದು ಸುಲಭ. ಒಂದು ಹಸುವೇ ಮನೆಯ ಆಧಾರವಾಗಿರುವವರ ಸಂಕಟ ಕೃತ್ಯವನ್ನು ಸಮರ್ಥಿಸುವುದಿಲ್ಲ, ನಿಜ. ಆದರೆ ಅದನ್ನು ಅರ್ಥಮಾಡಿಕೊಳ್ಳದೆ ಮುಂದಿನ ಹುಲಿಯನ್ನು ಉಳಿಸಿಕೊಳ್ಳಲಾಗದು. ಅದೇ ವರ್ಷ ನವೆಂಬರ್‌ನಲ್ಲಿ, ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ, ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಗಳನ್ನು ನಿಲ್ಲಿಸಿ ಆ ಸಿಬ್ಬಂದಿಯನ್ನು ಕಾಡಂಚಿನ ಕಾವಲಿಗೆ ತೊಡಗಿಸಲು ಆದೇಶಿಸಿತು. ಸಫಾರಿಯೇ ದಾಳಿಗೆ ಕಾರಣವೆಂದು ರೈತರು, ಹಾಗೆನ್ನಲು ಆಧಾರವಿಲ್ಲವೆಂದು ಪ್ರವಾಸೋದ್ಯಮದವರು ವಾದಿಸಿದರು. ಕಾರಣದ ವಿಚಾರವನ್ನು ತಜ್ಞರಿಗೇ ಬಿಡೋಣ. ಆದರೆ ಹಗಲೂ ಸಂಜೆಯೂ ಪ್ರವಾಸಿಗರನ್ನು ಸುತ್ತಿಸಲು ಜೀಪು ಮತ್ತು ಜನ ಇರುವ ವ್ಯವಸ್ಥೆಗೆ ತನ್ನ ಹೊಲ ಕಾಯಲು ಜನವಿಲ್ಲವೆಂದರೆ ರೈತ ರೊಚ್ಚಿಗೇಳುವುದರಲ್ಲಿ ಆಶ್ಚರ್ಯವಿಲ್ಲ.

ಪ್ರವಾಸವನ್ನೇ ನಿಲ್ಲಿಸಬೇಕೆಂಬ ವಾದ ನಮ್ಮದಲ್ಲ. ಕಾಡನ್ನು ಒಮ್ಮೆಯೂ ಕಾಣದ ಮಗು ನಾಳೆ ಅದರ ಪರವಾಗಿ ದನಿ ಎತ್ತುವುದಿಲ್ಲ. ಸಫಾರಿಯನ್ನು ನಂಬಿ ಬದುಕುವ ಚಾಲಕರು, ಅಡುಗೆಯವರು, ಸಣ್ಣ ವ್ಯಾಪಾರಿಗಳೂ ಸ್ಥಳೀಯರೇ. ಪ್ರವಾಸಿಗರ ಕಣ್ಣಿರುವ ಕಡೆ ಕಳ್ಳಬೇಟೆಗಾರ ಹಿಂಜರಿಯುತ್ತಾನೆಂಬ ಮಾತಿನಲ್ಲೂ ಹುರುಳಿದೆ. ಮಿತಿಯ ಹೆಸರಿನಲ್ಲಿ ಶುಲ್ಕವನ್ನಷ್ಟೇ ಏರಿಸುತ್ತ ಹೋದರೆ ಕಾಡು ಸಿರಿವಂತರ ರೆಸಾರ್ಟುಗಳ ಅಂಗಳವಾಗಿ ಉಳಿಯುತ್ತದೆ ಎಂಬ ಆತಂಕವೂ ನ್ಯಾಯವಾದದ್ದೇ. ಆದ್ದರಿಂದಲೇ ಮಿತಿ ಜೇಬಿನ ಲೆಕ್ಕದಲ್ಲಿರದೆ ಕಾಡಿನ ತಾಳಿಕೆಯ ಲೆಕ್ಕದಲ್ಲಿರಬೇಕು.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಹುಲಿ ಮೀಸಲು ಪ್ರದೇಶಗಳ ತಿರುಳು ಭಾಗದಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸೋದ್ಯಮಕ್ಕೆ ಬಳಸಬಾರದೆಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲೇ ಮಾರ್ಗಸೂಚಿ ನೀಡಿತು. ಅದರ ಆಶಯ ಅಕ್ಷರಶಃ ಪಾಲನೆಯಾಗಬೇಕು. ಸಫಾರಿಯ ಆದಾಯದಲ್ಲಿ ನಿಗದಿತ ಪಾಲು ಕಾಡಂಚಿನ ಗ್ರಾಮ ಪಂಚಾಯಿತಿಗಳಿಗೆ ನೇರವಾಗಿ ತಲುಪಬೇಕು. ಸತ್ತ ಜಾನುವಾರಿಗೆ, ನಷ್ಟವಾದ ಬೆಳೆಗೆ ಪರಿಹಾರ ವಾರಗಳಲ್ಲಿ ಕೈಸೇರಬೇಕೇ ಹೊರತು ಕಚೇರಿಯಿಂದ ಕಚೇರಿಗೆ ಅಲೆಸಬಾರದು. ಗೋಪಾಲಸ್ವಾಮಿ ಬೆಟ್ಟದ ಬಸ್ ವ್ಯವಸ್ಥೆಯನ್ನು ಕಾಡಿನೊಳಗಿನ ಉಳಿದ ಕ್ಷೇತ್ರಗಳಿಗೂ ವಿಸ್ತರಿಸಬಹುದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಮೀಸಲು ಪ್ರದೇಶದಲ್ಲಿ ಇಂಥ ಮಾನ್ಯತೆ ದೇಶದಲ್ಲೇ ಮೊದಲು. ಆ ಅರಿವಿನ ವಾರಸುದಾರರು ಪ್ರವಾಸಿಗರಿಗೆ ಮಾರ್ಗದರ್ಶಕರಾದರೆ ಹುಲಿ ಕಾಣದ ದಿನವೂ ವ್ಯರ್ಥವಾಗದು.

ಹಾಗೆಂದು ನಮ್ಮ ಕ್ಷೇತ್ರಗಳೂ ಆದರ್ಶವಾಗಿ ಉಳಿದಿಲ್ಲ. ಮಿಂದ ಬಟ್ಟೆಯನ್ನು ಕಪಿಲೆಯಲ್ಲೇ ಬಿಟ್ಟುಬರುವ ರೂಢಿ, ಬೆಟ್ಟದ ದಾರಿಯುದ್ದಕ್ಕೂ ಚೆಲ್ಲಿದ ಪ್ಲಾಸ್ಟಿಕ್ ಬಾಟಲಿಗಳು, ವಿಶೇಷ ದರ್ಶನದ ನೂಕುನುಗ್ಗಲು ನಮ್ಮ ಭಕ್ತಿಯ ಲಕ್ಷಣಗಳಾಗಿಬಿಟ್ಟಿವೆ. ಕಾಡಿಗೆ ಒಯ್ಯಬೇಕಾದ ಮರ್ಯಾದೆ ಗುಡಿಯಲ್ಲೇ ಸವೆಯುತ್ತಿದೆಯೇ ಎಂದು ಮುಜರಾಯಿ ಇಲಾಖೆಯೂ ಭಕ್ತರೂ ಕೇಳಿಕೊಳ್ಳಬೇಕು. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಸೋಮನಾಥಪುರವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಬರುವವರ ಸಂಖ್ಯೆ ಸಹಜವಾಗಿಯೇ ಏರುತ್ತದೆ. ಏಳೂವರೆ ಶತಮಾನ ಬಾಳಿದ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಗೆ ಸಾವಿರಾರು ಕೈಗಳ ಸವರುವಿಕೆಯೂ ಒಂದು ಪೆಟ್ಟೇ.

ನೋಟದ ಅಭಿರುಚಿ ಬದಲಾಗದೆಂದು ಕೈಚೆಲ್ಲಬೇಕಿಲ್ಲ. ಇದೇ ಕಬಿನಿ ತೀರದ ಕಾಕನಕೋಟೆಯಲ್ಲಿ ಒಂದು ಕಾಲಕ್ಕೆ ಕಾಡಾನೆಗಳನ್ನು ಖೆಡ್ಡಾಕ್ಕೆ ಅಟ್ಟಿ ಹಿಡಿಯುವುದೇ ರಾಜ ಮಹಾರಾಜರಿಗೆ, ವೈಸರಾಯ್‌ಗಳಿಗೆ ತೋರಿಸುವ ದೊಡ್ಡ ತಮಾಷೆಯಾಗಿತ್ತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಇಂದು ಆ ನೋಟವನ್ನು ಬಯಸುವವರು ಸಿಗಲಿಕ್ಕಿಲ್ಲ. ಜೀಪುಗಳಿಂದ ಹುಲಿಯನ್ನು ಸುತ್ತುವರಿಯುವ ಇಂದಿನ ಚಪಲವೂ ಮುಂದಿನ ತಲೆಮಾರಿಗೆ ಅಷ್ಟೇ ಒರಟಾಗಿ ಕಾಣಬಹುದು. ಆ ತಲೆಮಾರು ಬರುವವರೆಗೆ ಕಾಯದೆ, ಬರುವ ರಜೆಯಲ್ಲೇ ಕಾಡಿನ ಹೊಸ್ತಿಲ ಬಳಿ ಒಂದು ಕ್ಷಣ ನಿಂತು, ಒಳಗಿರುವವರ ಅನುಮತಿ ಕೇಳಿದವರಂತೆ ನಡೆದುಕೊಂಡರೆ ಸಾಕು. ಹುಲಿ ಕಂಡರೆ ಅದು ದರ್ಶನ, ಕಾಣದಿದ್ದರೆ ಬಾಗಿಲು ಹಾಕಿದೆ ಎಂದುಕೊಂಡು ಕೈಮುಗಿದು ಬರೋಣ.